ಸವೆದ ಎಂಜಿನ್ನಿನ ಜೀರ್ಣೋದ್ಧಾರ

(ಬಾನುಲಿ ಭಾಷಣ)

ಕನ್ನಡ ಶಾಸನಗಳನ್ನು ಓದಿದವರಿಗೆ ಒಂದು ಮಾತು ಬಹಳ ಪರಿಚಿತವಾದದ್ದು. ದೇವಾಲಯಕ್ಕೆ ಗದ್ದೆಯನ್ನೋ ತೋಟವನ್ನೋ ಸುಂಕದ ಒಂದು ಪಾಲನ್ನೋ ದತ್ತಿಯಾಗಿ ಬಿಡುವಾಗ, ಅದು ಯಾವುದಕ್ಕೆ ಸಲ್ಲಬೇಕೆಂಬುದನ್ನು ಶಾಸನ ಕ್ರಮವಾಗಿ ಹೇಳುತ್ತದೆ: ದೇವರ ಅಂಗಭೋಗಕ್ಕೆ, ರಂಗಭೋಗಕ್ಕೆ, ತಪೋಧನರ ಆಹಾರದಾನಕ್ಕೆ, ಇವುಗಳ ಜೊತೆಯಲ್ಲಿಯೇ 'ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ'. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕು ಬಿಟ್ಟದ್ದು, ಜೀರ್ಣವೆಂದರೆ ಸವೆದದ್ದು. ಗುಡಿ ಇನ್ನೂ ಹೊಸದಾಗಿರುವಾಗಲೇ, ಕಲ್ಲಿನ ಮೇಲೆ ಉಳಿಯ ಗುರುತು ಮಾಸದೆ ಇರುವಾಗಲೇ, ಇದು ಒಂದು ದಿನ ಮುರಿಯುತ್ತದೆ, ಬಿರಿಯುತ್ತದೆ, ಸವೆಯುತ್ತದೆ ಎಂದು ನಮ್ಮ ಹಿರಿಯರು ಬರೆದಿಟ್ಟರು. ಆ ದಿನಕ್ಕೆ ಬೇಕಾಗುವ ಹಣದ ಮೂಲವನ್ನೂ ಅಲ್ಲಿಯೇ ತೋರಿಸಿಟ್ಟರು.

ತರಗತಿಯಲ್ಲಿ ಈ ಮಾತನ್ನು ವಿವರಿಸುವಾಗಲೆಲ್ಲ ನನ್ನ ಮನಸ್ಸಿಗೆ ಬರುತ್ತಿದ್ದದ್ದು ಲಾರಿಯ ಎಂಜಿನ್ನು. ದಾವಣಗೆರೆಯಲ್ಲಿ ಬೆಳೆದವನಿಗೆ ಇದು ಅಷ್ಟೇನೂ ವಿಚಿತ್ರವಲ್ಲ. ನಮ್ಮ ಊರು ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿನ ಊರು. ಎತ್ತುಗಳನ್ನು ದಾವಣಿ ಕಟ್ಟುತ್ತಿದ್ದ ಸ್ಥಳವಾದ್ದರಿಂದ ದಾವಣಗೆರೆಯೆಂದು ಹೆಸರು ಬಂತೆಂಬ ಮಾತುಂಟು. ಇಪ್ಪತ್ತನೆಯ ಶತಮಾನದಲ್ಲಿ ಆ ಎತ್ತುಗಳ ಜಾಗಕ್ಕೆ ಲಾರಿಗಳು ಬಂದವು. ಹದಿನಾಲ್ಕು ಕಿಲೋಮೀಟರು ಆಚೆಗೆ ತುಂಗಭದ್ರೆಯ ದಡದಲ್ಲಿ ಹರಿಹರ. ಅಲ್ಲಿಯ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ೧೨೨೪ರ ಸುಮಾರಿಗೆ ಕಟ್ಟಿಸಿದನು. ೧೨೬೮ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕನಾದ ಸೋಮನು ಅದಕ್ಕೆ ಹೊಸ ಭಾಗಗಳನ್ನು ಸೇರಿಸಿದನು. ಕಟ್ಟಿದ್ದನ್ನು ಕಾಯುವುದು ಒಂದು, ಕಟ್ಟಿದ್ದಕ್ಕೆ ಹೊಸದನ್ನು ಕೂಡಿಸುವುದು ಇನ್ನೊಂದು. ಈ ಎರಡರ ನಡುವೆ ಆಯ್ದುಕೊಳ್ಳಬೇಕಾದ ಪ್ರಸಂಗ ಗುಡಿಗೆ ಬಂದಂತೆ ಲಾರಿಗೂ ಬರುತ್ತದೆ. ಎಂಜಿನ್ನು ಸವೆದಾಗ ಅದನ್ನೇ ಬಿಚ್ಚಿ ಮತ್ತೆ ಕಟ್ಟಬೇಕೆ, ಅಥವಾ ಅದನ್ನು ಕಿತ್ತು ಹೆಚ್ಚು ಶಕ್ತಿಯ, ಹೊಸ ಬಗೆಯ ಎಂಜಿನ್ನನ್ನು ಕೂರಿಸಬೇಕೆ? ಈ ಪ್ರಶ್ನೆಗೆ ನಮ್ಮ ಎರಡು ಊರುಗಳು ಎಂಬತ್ತು ವರ್ಷಗಳಲ್ಲಿ ಬೇರೆ ಬೇರೆ ಉತ್ತರಗಳನ್ನು ಕೊಟ್ಟಿವೆ. ಆ ಉತ್ತರಗಳ ಚರಿತ್ರೆಯನ್ನು ಈ ಹೊತ್ತು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲಿಗೆ, ಎಂಜಿನ್ನಿನಲ್ಲಿ ಸವೆಯುವುದು ಏನು ಎಂಬುದನ್ನು ಸ್ಥೂಲವಾಗಿ ತಿಳಿದುಕೊಳ್ಳೋಣ. ಕಬ್ಬಿಣದ ದೊಡ್ಡ ದಿಮ್ಮಿಯೊಂದರಲ್ಲಿ ಕೊರೆದ ಕೊಳವೆಗಳೇ ಸಿಲಿಂಡರುಗಳು. ಅವುಗಳ ಒಳಗಣ ಅಳತೆಗೆ ಬೋರು ಎನ್ನುತ್ತಾರೆ. ಅದರೊಳಗೆ ಪಿಸ್ಟನ್ನು ಮೇಲೆ ಕೆಳಗೆ ಓಡಾಡುತ್ತದೆ. ಪಿಸ್ಟನ್ನಿನ ಸುತ್ತ ಬಿಗಿದಿರುವ ರಿಂಗುಗಳು ಮೇಲಿನ ಬಿಸಿ ಗಾಳಿಯನ್ನು ಕೆಳಕ್ಕೆ ಬಿಡದಂತೆಯೂ ಕೆಳಗಿನ ಎಣ್ಣೆಯನ್ನು ಮೇಲಕ್ಕೆ ಬಿಡದಂತೆಯೂ ತಡೆಯುತ್ತವೆ. ಈ ಓಡಾಟವನ್ನು ತಿರುಗಾಟವಾಗಿ ಬದಲಿಸಿ ಚಕ್ರಗಳಿಗೆ ಕೊಡುವುದು ಕ್ರ್ಯಾಂಕು. ಲಕ್ಷಾಂತರ ಕಿಲೋಮೀಟರು ಓಡಿದ ಮೇಲೆ ಬೋರು ತನ್ನ ದುಂಡನ್ನು ಕಳೆದುಕೊಳ್ಳುತ್ತದೆ. ಪಿಸ್ಟನ್ನು ಒಂದು ಪಕ್ಕಕ್ಕೆ ಹೆಚ್ಚಾಗಿ ಒತ್ತುವುದರಿಂದ ಅಲ್ಲಿ ಕಬ್ಬಿಣ ಹೆಚ್ಚು ತೇಯ್ದು, ಬೋರು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಆಗ ಎಣ್ಣೆ ಮೇಲಕ್ಕೆ ಹತ್ತಿ ಉರಿದು ನೀಲಿ ಹೊಗೆ ಬರುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗು ಇಲ್ಲ. ಗಾಳಿಯನ್ನು ಗಟ್ಟಿಯಾಗಿ ಒತ್ತಿದಾಗ ಹುಟ್ಟುವ ಬಿಸಿಯೇ ಎಣ್ಣೆಯನ್ನು ಹೊತ್ತಿಸಬೇಕು. ಒತ್ತಡ ಸೋರಿಹೋದರೆ ಬಿಸಿಯೂ ಇಲ್ಲ. ಹೀಗಾಗಿ ಸವೆದ ಡೀಸೆಲ್ ಲಾರಿಯನ್ನು ಚಳಿಗಾಲದ ಬೆಳಗ್ಗೆ ನಾಲ್ಕು ಜನ ತಳ್ಳಬೇಕಾಗುತ್ತದೆ. ದಿಬ್ಬದಲ್ಲಿ ಅದು ಏದುಸಿರು ಬಿಡುತ್ತದೆ.

ಇದಕ್ಕೆ ಮದ್ದು ವಿಚಿತ್ರವಾದದ್ದು: ಸವೆದ ಕಬ್ಬಿಣವನ್ನು ಇನ್ನಷ್ಟು ಸವೆಸುವುದು. ಮೊಟ್ಟೆಯಾಕಾರವಾದ ಬೋರನ್ನು ಸುತ್ತಲೂ ಸಮನಾಗಿ ಕೊರೆದು ಮತ್ತೆ ದುಂಡಗೆ ಮಾಡಿ, ಆ ಹೊಸ ಅಳತೆಗೆ ತಕ್ಕ ದಪ್ಪನೆಯ ಪಿಸ್ಟನ್ನು ಹಾಕುತ್ತಾರೆ. ಕ್ರ್ಯಾಂಕಿನ ಸವೆದ ಕುತ್ತಿಗೆಗಳನ್ನು ಅದೇ ರೀತಿಯಲ್ಲಿ ತೇಯ್ದು, ಆ ಸಣ್ಣ ಅಳತೆಗೆ ಒಪ್ಪುವ ದಪ್ಪ ಬೇರಿಂಗು ಕೂರಿಸುತ್ತಾರೆ. ಇದನ್ನು ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಎಂದು ಲೆಕ್ಕ ಹಿಡಿಯುವುದು ವಾಡಿಕೆ. ಇಂಚಿನ ಸಾವಿರದ ಒಂದು ಭಾಗಕ್ಕೆ ಒಂದು. ನಲವತ್ತು ಎಂದರೆ ಒಂದು ಮಿಲಿಮೀಟರು. ಎಂಜಿನ್ನಿನ ಆಯುಸ್ಸಿಗೆ ಹೀಗೆ ನಾಲ್ಕು ಮೆಟ್ಟಿಲು. ಬೋರಿಗೆ ಲೈನರು ಎಂಬ ಹೊಸ ತೋಳನ್ನು ತೊಡಿಸಿ ಮತ್ತೆ ಮೊದಲ ಅಳತೆಗೆ ತರುವುದುಂಟು. ಕ್ರ್ಯಾಂಕಿಗೆ ಆ ಸೌಭಾಗ್ಯ ಸುಲಭವಲ್ಲ. ನಮ್ಮ ಗ್ಯಾರೇಜುಗಳಲ್ಲಿ ಈ ಇಡೀ ಕೆಲಸಕ್ಕೆ 'ಓವರಾಯಿಲ್' ಎಂದು ಹೆಸರು. ಇಂಗ್ಲಿಷಿನ ಓವರ್‌ಹಾಲ್ ಎಂಬ ಪದ ಮೇಸ್ತ್ರಿಯ ಬಾಯಲ್ಲಿ ಎಣ್ಣೆಯನ್ನು ಕುಡಿದು ಹೀಗಾಯಿತು. ಅರ್ಥ ತಿಳಿಯದ ಪದದೊಳಗೆ ತನಗೆ ತಿಳಿದ ಪದವನ್ನು ಕಂಡುಕೊಳ್ಳುವುದು ಭಾಷೆಯ ಸ್ವಭಾವ. ಎಣ್ಣೆಯ ನಡುವೆಯೇ ಬದುಕುವವನು ಆಯಿಲನ್ನು ಕಂಡುಕೊಂಡದ್ದು ಸಹಜವೇ.

ಇನ್ನು ಚರಿತ್ರೆಗೆ ಬರೋಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂತು. ನಮ್ಮ ನಾಡಿನ ಬಸ್ಸು ಲಾರಿಗಳ ಬೆನ್ನಿಗೆ ಇದ್ದಿಲು ಉರಿಸುವ ಪೀಪಾಯಿಗಳು ಬಂದವು. ಸಾಲದಷ್ಟು ಗಾಳಿಯಲ್ಲಿ ಇದ್ದಿಲು ಉರಿದಾಗ ಹುಟ್ಟುವ ಅನಿಲದಿಂದ ಎಂಜಿನ್ನು ನಡೆಸುವ ಏರ್ಪಾಡು ಅದು. ನಮ್ಮ ತಂದೆಯ ತಲೆಮಾರಿನವರು ಆ ಬಸ್ಸುಗಳ ಕಥೆಯನ್ನು ನಗುನಗುತ್ತ ಹೇಳುತ್ತಿದ್ದರು: ಹೊರಡುವ ಹೊತ್ತಿಗೆ ಬಹಳ ಮೊದಲೇ ಒಲೆ ಹೊತ್ತಿಸಬೇಕು, ತಿದಿ ತಿರುಗಿಸಬೇಕು, ಏರು ಬಂದರೆ ಪ್ರಯಾಣಿಕರು ಇಳಿದು ನಡೆಯಬೇಕು. ಪೆಟ್ರೋಲಿನಲ್ಲಿ ಸಿಗುತ್ತಿದ್ದ ಶಕ್ತಿಯಲ್ಲಿ ಮೂರನೆಯ ಒಂದು ಪಾಲಾದರೂ ಇದ್ದಿಲಿನಲ್ಲಿ ಕಡಿಮೆಯಾಗುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಬೂದಿ ಮತ್ತು ಡಾಂಬರಿನ ಕಣಗಳು ಸಿಲಿಂಡರಿಗೆ ಸೇರಿ ಬೋರನ್ನು ಉಜ್ಜಿಹಾಕುತ್ತಿದ್ದದ್ದು. ಯುದ್ಧ ಮುಗಿಯುವ ವೇಳೆಗೆ ನಮ್ಮ ರಸ್ತೆಗಳ ಮೇಲೆ ಉಳಿದದ್ದು ದಣಿದ ಎಂಜಿನ್ನುಗಳ ಒಂದು ದಂಡು. ಆಗ ಸೈನ್ಯದ ಹೆಚ್ಚುವರಿ ವಾಹನಗಳು ಹರಾಜಿಗೆ ಬಂದವು. 'ಡಿಸ್ಪೋಸಲ್ ಗಾಡಿ' ಎಂಬ ಮಾತು ಕನ್ನಡಕ್ಕೆ ಬಂದದ್ದು ಆಗಲೇ. ಫೋರ್ಡು, ಷೆವರ್ಲೆ ಲಾರಿಗಳನ್ನು ಕೊಂಡವರು ಅವುಗಳಿಂದ ಬದುಕು ಕಟ್ಟಿದರು.

ಈ ನಡುವೆ, ೧೯೪೧ರಲ್ಲಿ, ಹರಿಹರದಲ್ಲಿ ಒಂದು ದೊಡ್ಡ ಘಟನೆ ನಡೆದಿತ್ತು. ಮೈಸೂರು ಸರ್ಕಾರದ ಪ್ರೋತ್ಸಾಹದೊಡನೆ ಕಿರ್ಲೋಸ್ಕರ್ ಮನೆತನದವರು ಅಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿಯನ್ನು ಆರಂಭಿಸಿದರು. ಲಕ್ಷ್ಮಣರಾವ್ ಕಿರ್ಲೋಸ್ಕರರು ೧೯೧೦ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದವರು. ಕಬ್ಬಿಣದ ನೇಗಿಲಿನಿಂದ ತೊಡಗಿದ ಆ ಉದ್ಯಮ ಹರಿಹರಕ್ಕೆ ಬರುವ ಹೊತ್ತಿಗೆ ಲೇತು ಮಾಡುವ ಮಟ್ಟಕ್ಕೆ ಬೆಳೆದಿತ್ತು. ಲೇತಿಗೆ ಯಂತ್ರಗಳ ತಾಯಿ ಎನ್ನುತ್ತಾರೆ; ಮಿಕ್ಕ ಯಂತ್ರಗಳ ದುಂಡನೆಯ ಭಾಗಗಳೆಲ್ಲ ಅದರ ಮೇಲೆಯೇ ರೂಪ ತಾಳಬೇಕು. ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಎಂಬ ಹೆಸರಿನ ಹರಿಹರದ ಲೇತುಗಳು ದೇಶದ ಉದ್ದಗಲಕ್ಕೂ ಹೋದವು. ಕಾರ್ಖಾನೆಯ ಸುತ್ತ ಹುಟ್ಟಿದ ಬಡಾವಣೆಗೆ ಯಂತ್ರಪುರವೆಂದೇ ಹೆಸರಾಯಿತು. ಹರನಿಗೂ ಹರಿಗೂ ಒಂದೇ ಮೂರ್ತಿಯನ್ನು ಮಾಡಿದ ಊರಿನಲ್ಲಿ ಸಾವಿರದ ಒಂದಂಶ ಇಂಚನ್ನು ಅಳೆಯಬಲ್ಲ ಕಣ್ಣುಗಳು ಬೆಳೆದವು.

ಲಾರಿಯ ಕಥೆಯಲ್ಲಿ ಈ ಕಾರ್ಖಾನೆಗೆ ಏನು ಕೆಲಸವೆಂದು ನೀವು ಕೇಳಬಹುದು. ಎಂಜಿನ್ನನ್ನು ಮತ್ತೆ ಕಟ್ಟುವುದೆಂದರೆ ಅಳತೆಯ ಕೆಲಸ. ಅಳೆಯುವ ಮೈಕ್ರೋಮೀಟರು, ಕೊರೆಯುವ ಬೋರಿಂಗ್ ಯಂತ್ರ, ಬುಷ್ಷು ತಿರುವಿಕೊಡುವ ಲೇತು, ಇವುಗಳ ಮುಂದೆ ನಿಲ್ಲಬಲ್ಲ ಪಳಗಿದ ಕೈ: ಇವು ಇಲ್ಲದ ಊರಿನಲ್ಲಿ ಸವೆದ ಎಂಜಿನ್ನಿಗೆ ಇರುವುದು ಒಂದೇ ದಾರಿ, ಗುಜರಿ. ದಾವಣಗೆರೆಯಲ್ಲಿ ೧೯೩೦ರ ದಶಕದಿಂದಲೇ ಹತ್ತಿಯ ಗಿರಣಿಗಳಿದ್ದವು. ಅವುಗಳ ಯಂತ್ರಗಳನ್ನು ನೋಡಿಕೊಳ್ಳುವ ಫಿಟ್ಟರುಗಳಿದ್ದರು. ೧೯೫೧ರಲ್ಲಿ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ್ ಅವರ ಹೆಸರಿನ ಎಂಜಿನಿಯರಿಂಗ್ ಕಾಲೇಜು ಅಲ್ಲಿ ಆರಂಭವಾಯಿತು. ಒಂದು ಕಡೆ ಗಿರಣಿ, ಒಂದು ಕಡೆ ಲೇತಿನ ಕಾರ್ಖಾನೆ, ನಡುವೆ ಹೆದ್ದಾರಿ. ಇಂಥ ಕಡೆಯಲ್ಲಿ ಎಂಜಿನ್ನಿನ ಜೀರ್ಣೋದ್ಧಾರ ಒಂದು ಕಸುಬಾಗಿ ಬೆಳೆಯಲು ಬೇರೆ ಕಾರಣ ಬೇಕಿರಲಿಲ್ಲ. ೧೯೫೬ರ ಏಕೀಕರಣದ ತನಕ ಹರಿಹರದ ಹೊಳೆಯೇ ಮೈಸೂರು ಸಂಸ್ಥಾನದ ಗಡಿ; ೧೮೬೮ರಲ್ಲಿ ಕಟ್ಟಿದ ಸೇತುವೆಯ ಆಚೆಗೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಗಡಿಯೂರಿನಲ್ಲಿ ಗಾಡಿ ನಿಲ್ಲುತ್ತದೆ. ನಿಂತ ಗಾಡಿಯ ಬಳಿ ಮೇಸ್ತ್ರಿ ಇರುತ್ತಾನೆ.

ಸ್ವಾತಂತ್ರ್ಯ ಬಂದ ಮೇಲೆ ಎರಡನೆಯ ಉತ್ತರ, ಅಂದರೆ ಎಂಜಿನ್ನನ್ನೇ ಬದಲಿಸುವ ಉತ್ತರ, ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಬಂತು. ಅದಕ್ಕೆ ಎರಡು ಕಾರಣಗಳು. ಮೊದಲನೆಯದು ಸರ್ಕಾರದ ನೀತಿ. ಬಿಡಿಭಾಗಗಳನ್ನು ಹಡಗಿನಲ್ಲಿ ತರಿಸಿ ಇಲ್ಲಿ ಜೋಡಿಸುವುದಷ್ಟೇ ಸಾಲದು, ಇಲ್ಲಿಯೇ ತಯಾರಿಸುವ ಯೋಜನೆ ಇರಬೇಕೆಂದು ೧೯೫೩ರಲ್ಲಿ ಭಾರತ ಸರ್ಕಾರ ತೀರ್ಮಾನಿಸಿತು. ಷೆವರ್ಲೆ ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ ಕಂಪನಿಯೂ ಫೋರ್ಡ್ ಕಂಪನಿಯೂ ತಮ್ಮ ಜೋಡಣೆಯ ಕಾರ್ಖಾನೆಗಳನ್ನು ಮುಚ್ಚಿ ಹೊರಟುಹೋದವು. ಆ ಹೆಸರಿನ ಲಾರಿಗಳನ್ನು ನಂಬಿದ್ದ ಮಾಲೀಕನಿಗೆ ಬಿಡಿಭಾಗ ಎಲ್ಲಿಂದ ಬರಬೇಕು? ಎರಡನೆಯ ಕಾರಣ ಡೀಸೆಲ್. ಅದು ಪೆಟ್ರೋಲಿಗಿಂತ ಅಗ್ಗ. ಅದೇ ದೂರಕ್ಕೆ ಖರ್ಚಾಗುವುದೂ ಕಡಿಮೆ. ಇಂಗ್ಲೆಂಡಿನ ಪೀಟರ್‌ಬರೋದಲ್ಲಿ ಹುಟ್ಟಿದ ಪರ್ಕಿನ್ಸ್ ಕಂಪನಿಯ ಪಿ-೬ ಎಂಬ ಎಂಜಿನ್ನನ್ನು ಮದರಾಸಿನ ಸಿಂಪ್ಸನ್ ಸಂಸ್ಥೆ ಇಲ್ಲಿಯೇ ತಯಾರಿಸತೊಡಗಿತು. ಆರು ಸಿಲಿಂಡರು, ಮೂರೂವರೆ ಇಂಚು ಬೋರು, ಎಂಬತ್ತು ಅಶ್ವಶಕ್ತಿಗೆ ತುಸು ಮೇಲು. ಪೆಟ್ರೋಲ್ ಲಾರಿಯ ಬಾನೆಟ್ಟಿನಡಿ ಕೂರಬಲ್ಲಷ್ಟು ಮೈಕಟ್ಟು. ಪ್ರೀಮಿಯರ್ ಕಾರ್ಖಾನೆಯ ಡಾಡ್ಜ್, ಫಾರ್ಗೊ ಲಾರಿಗಳಿಗೂ ಇದೇ ಎಂಜಿನ್ನು ಬಂತು. ಹಳೆಯ ಪೆಟ್ರೋಲ್ ಎಂಜಿನ್ನನ್ನು ಇಳಿಸಿ 'ಪರ್ಕಿನ್ಸ್ ಹಾಕಿಸುವುದು' ಲಾರಿ ಬೀದಿಯ ಪರಿಚಿತ ಮಾತಾಯಿತು.

ಹೊಸ ಎಂಜಿನ್ನು ಹಾಕಿಸುವುದೇನೋ ಸರಿ; ಅದನ್ನು ಹೊರುವವರು ಯಾರು? ಡೀಸೆಲ್ ಎಂಜಿನ್ನು ತೂಕದಲ್ಲಿ ಹೆಚ್ಚು. ಮುಂದಿನ ಪಟ್ಟಿಗಳು ತಗ್ಗಿ ಲಾರಿ ಮೂಗು ಬಗ್ಗಿಸಿ ನಿಲ್ಲುತ್ತದೆ. ಅದು ಪೆಟ್ರೋಲ್ ಎಂಜಿನ್ನಿನಷ್ಟು ವೇಗವಾಗಿ ತಿರುಗುವುದಿಲ್ಲ. ಹಿಂದಿನ ಆಕ್ಸಲಿನ ಹಲ್ಲುಚಕ್ರಗಳ ಲೆಕ್ಕ ಹಳೆಯ ಎಂಜಿನ್ನಿನ ವೇಗಕ್ಕೆ ಹೊಂದಿದ್ದರಿಂದ ಸಪಾಟು ರಸ್ತೆಯಲ್ಲಿಯೂ ಲಾರಿ ಮಂದವಾಗುತ್ತದೆ. ಒಂದೊಂದು ಹೊಡೆತವೂ ಬಲವಾದದ್ದು. ಕ್ಲಚ್ಚು, ಗೇರುಪೆಟ್ಟಿಗೆ, ಎಂಜಿನ್ನನ್ನು ಹಿಡಿದಿರುವ ರಬ್ಬರುಗಳು ಆ ಹೊಡೆತಕ್ಕೆ ಸಿದ್ಧವಾಗಿರಲಿಲ್ಲ. ಸ್ಟಾರ್ಟರು, ಬ್ಯಾಟರಿ, ರೇಡಿಯೇಟರು ಎಲ್ಲವನ್ನೂ ಹೊಸದಾಗಿ ನೋಡಬೇಕು. ಹೃದಯವನ್ನು ಬದಲಿಸಿದರೆ ನಾಡಿಗಳೂ ಅದನ್ನು ತಾಳಬೇಕೆಂಬುದು ನಮ್ಮ ಲಾರಿಯವರಿಗೆ ಆಗಲೇ ಅನುಭವಕ್ಕೆ ಬಂದಿತ್ತು. ಚಾಸಿಸ್ ಗಟ್ಟಿಯಾಗಿದ್ದವರು ಗೆದ್ದರು. ಚಾಸಿಸ್ಸೂ ಸವೆದಿದ್ದವರು ಹೊಸ ಎಂಜಿನ್ನಿನ ಸಾಲವನ್ನೂ ಹಳೆಯ ಗಾಡಿಯ ರಿಪೇರಿಯನ್ನೂ ಒಟ್ಟಿಗೆ ಹೊತ್ತರು.

೧೯೫೪ರಲ್ಲಿ ಟಾಟಾ ಸಂಸ್ಥೆ ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯೊಡನೆ ಕೂಡಿ ಜಮ್ಷೇಡ್‌ಪುರದಲ್ಲಿ ಡೀಸೆಲ್ ಲಾರಿಗಳನ್ನು ಮಾಡತೊಡಗಿತು. ಮದರಾಸಿನ ಅಶೋಕ್ ಲೇಲ್ಯಾಂಡ್ ಕಾಮೆಟ್ ಲಾರಿಗಳನ್ನು ತಂದಿತು. 'ಟಾಟಾ ಬೆಂಜ್' ಎಂಬ ಜೋಡುನುಡಿ ಲಾರಿಗೇ ಪರ್ಯಾಯಪದವಾಗುವಷ್ಟು ಬಳಕೆಗೆ ಬಂತು; ೧೯೬೯ರಲ್ಲಿ ಆ ಒಪ್ಪಂದ ಮುಗಿದು ಮೂರು ಮೂಲೆಯ ನಕ್ಷತ್ರ ಹೋಗಿ ಟಿ ಅಕ್ಷರ ಬಂದ ಮೇಲೆಯೂ ನಮ್ಮ ಚಾಲಕರು ಬಹುಕಾಲ ಬೆಂಜ್ ಎಂದೇ ಹೇಳುತ್ತಿದ್ದರು. ಆದರೆ ಹೊಸ ಲಾರಿ ಬೇಕೆಂದ ಕೂಡಲೆ ಸಿಗುವ ಕಾಲ ಅದಲ್ಲ. ಲೈಸೆನ್ಸು, ಪರ್ಮಿಟ್ಟುಗಳ ಕಾಲ. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಹೀಗಾಗಿ ಅರವತ್ತು, ಎಪ್ಪತ್ತರ ದಶಕಗಳು ನಮ್ಮಲ್ಲಿ ಜೀರ್ಣೋದ್ಧಾರದ ಯುಗವಾದವು. ಹತ್ತು, ಇಪ್ಪತ್ತು, ಮೂವತ್ತು ಎಂದು ಮೆಟ್ಟಿಲು ಇಳಿಯುತ್ತ, ಒಂದೊಂದು ಎಂಜಿನ್ನನ್ನು ಮೂರು ನಾಲ್ಕು ಸಲ ಕಟ್ಟಿ ಓಡಿಸಿದರು.

ಈ ಕಾಲವನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಸೋದರಮಾವನವರಿಗೆ ಒಂದು ಹಳೆಯ ಬೆಂಜ್ ಲಾರಿ ಇತ್ತು. ಅದೊಂದೇ ಅವರ ಆಸ್ತಿ. ಕಾಲೇಜಿನ ರಜೆಯಲ್ಲಿ ಅವರ ಲೆಕ್ಕದ ಪುಸ್ತಕ ಬರೆಯುವುದು ನನ್ನ ಕೆಲಸ. ೧೯೭೯ರ ಬೇಸಗೆಯಲ್ಲಿ ಆ ಲಾರಿಯ ಎಂಜಿನ್ನು ಬಿಚ್ಚಬೇಕಾಗಿ ಬಂತು. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಳು. ಮಳೆಗಾಲಕ್ಕೆ ಮುಂಚೆ ನಾಲ್ಕು ಬಾಡಿಗೆ ಹೊಡೆದರಷ್ಟೇ ವರ್ಷ ಸಾಗುವ ಸ್ಥಿತಿ. ಅದೇ ಹೊತ್ತಿಗೆ ಟಾಟಾದವರ ಹೊಸ ಎಂಜಿನ್ನು ೬೯೨ ಬೀದಿಯಲ್ಲಿ ಮಾತಾಗಿತ್ತು. ಈ ಅಂಕಿಗೆ ಅರ್ಥವಿದೆ: ಸಿಲಿಂಡರು ಆರು, ಬೋರು ೯೨ ಮಿಲಿಮೀಟರು. ಮುಂದೆ ಬಂದ ೬೯೭ಕ್ಕೂ ಅದೇ ಲೆಕ್ಕ, ಬೋರು ೯೭. ಮಾವನವರ ಹಳೆಯ ೩೧೨ರ ಬೋರು ೯೦. ಎರಡು ಮಿಲಿಮೀಟರಿನ ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ; ದೊಡ್ಡದಾದದ್ದು ಒಳಗಿನ ವ್ಯವಸ್ಥೆ. ಹಳೆಯದರಲ್ಲಿ ಡೀಸೆಲ್ ಮೊದಲು ಪಕ್ಕದ ಪುಟ್ಟ ಕೋಣೆಯೊಂದರಲ್ಲಿ ಹೊತ್ತಿ ಆಮೇಲೆ ಸಿಲಿಂಡರಿಗೆ ನುಗ್ಗುತ್ತಿತ್ತು. ಹೊಸದರಲ್ಲಿ ನೇರವಾಗಿ ಪಿಸ್ಟನ್ನಿನ ತಲೆಯ ಬಟ್ಟಲಿಗೇ ಚಿಮ್ಮುತ್ತಿತ್ತು. ಇದರಿಂದ ಡೀಸೆಲ್ ಉಳಿಯುತ್ತಿತ್ತು, ಬೆಳಗಿನ ಚಳಿಯಲ್ಲಿ ಲಾರಿ ಬೇಗ ಏಳುತ್ತಿತ್ತು.

ಮೇಸ್ತ್ರಿ ಕ್ರ್ಯಾಂಕನ್ನು ಬಟ್ಟೆಯಿಂದ ಒರೆಸಿ, ಮೈಕ್ರೋಮೀಟರು ಹಿಡಿದು, ಏಳೂ ಕುತ್ತಿಗೆಗಳನ್ನು ಎರಡೆರಡು ಕಡೆಯಿಂದ ಅಳೆದರು. ಮೂವತ್ತಕ್ಕೆ ಬಂದಾಗಿತ್ತು. ಉಳಿದದ್ದು ಒಂದೇ ಮೆಟ್ಟಿಲು.

"ಸಾವ್ಕಾರ್ರೇ, ಕಬ್ಬಿಣ ಇನ್ನೊಂದು ಸಲ ಕೊಡ್ತೈತಿ. ಅದರ ಮ್ಯಾಲೆ ಕೇಳಿದ್ರೆ ಇಲ್ಲ ಅಂತೈತಿ. ಈಗ್ಲೇ ಆರ್‌ತೊಂಬತ್ತೆರಡು ಹಾಕಿಸಿಬಿಡ್ರಿ" ಎಂದರು ಮೇಸ್ತ್ರಿ.

"ಹಾಕಿಸಿದ್ರೆ ಗೇರ್‌ಬಾಕ್ಸ್ ತಡೀತೈತೇನು ಮೇಸ್ತ್ರಿ?" ಎಂದು ಮಾವ ಕೇಳಿದರು.

ಮೇಸ್ತ್ರಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ಹಳೇದೇ ಐತ್ರಿ" ಎಂದರು.

"ಹಂಗಾದ್ರೆ ಒಂದು ಸಲ ಕೊಡ್ಲಿ. ಅಷ್ಟರಾಗ ನಾನು ಕೂಡಿಸ್ಕೋತೀನಿ."

ಮಾವ ಕ್ರ್ಯಾಂಕನ್ನು ನಲವತ್ತಕ್ಕೆ ತೇಯಿಸಿದರು, ಬೋರು ಮಾಡಿಸಿ ಹೊಸ ಪಿಸ್ಟನ್ನು ಹಾಕಿಸಿದರು. ಆ ದಿನದಿಂದ ಲೆಕ್ಕದ ಪುಸ್ತಕದಲ್ಲಿ ನನ್ನ ಕೈಯಿಂದ ಒಂದು ಹೊಸ ಕಾಲಮ್ಮು ಬರೆಸಿದರು. ಡೀಸೆಲ್, ಟೈರು, ಚಾಲಕನ ಬತ್ತ, ಸುಂಕದ ಕಟ್ಟೆ, ಇವುಗಳ ಪಕ್ಕದಲ್ಲಿ 'ಎಂಜಿನ್ನು' ಎಂದು. ಲಾರಿ ಒಂದು ಬಾಡಿಗೆ ಮುಗಿಸಿ ಬಂದಾಗಲೆಲ್ಲ, ಬಂದದ್ದು ಎಷ್ಟೇ ಕಡಿಮೆಯಾಗಲಿ, ಆ ಕಾಲಮ್ಮಿಗೆ ಒಂದಿಷ್ಟು ಬೀಳಬೇಕು. ಮಗಳ ಮದುವೆಯ ವರ್ಷದಲ್ಲಿಯೂ ಅದು ಖಾಲಿಯಾಗಲಿಲ್ಲ. ನಾಲ್ಕನೆಯ ವರ್ಷ ಎಂಜಿನ್ನು ಮತ್ತೆ ನೀಲಿ ಹೊಗೆ ಬಿಟ್ಟಾಗ ಸಾಲವಿಲ್ಲದೆ ೬೯೨ ಹಾಕಿಸಿದರು. ಅದರ ಜೊತೆಗೆ ಗೇರುಪೆಟ್ಟಿಗೆಯನ್ನೂ ಬದಲಿಸಿದರು. ಸಾರಿಗೆ ಇಲಾಖೆಯ ಪುಸ್ತಕದಲ್ಲಿ ಹೊಸ ಎಂಜಿನ್ನಿನ ನಂಬರನ್ನು ಬರೆಸಿಕೊಂಡು ಬಂದರು. ಎರಡು ಮನೆ ಆಚೆಗೆ ಇನ್ನೊಬ್ಬ ಲಾರಿ ಮಾಲೀಕರು ೧೯೭೯ರಲ್ಲಿಯೇ ಸಾಲ ಮಾಡಿ ಹೊಸ ಎಂಜಿನ್ನು ಹಾಕಿಸಿದ್ದರು. ಅವರೂ ಚೆನ್ನಾಗಿಯೇ ಬಾಳಿದರು. ಅವರ ಚಾಸಿಸ್ಸಿಗೆ ಆಗ ವಯಸ್ಸಾಗಿರಲಿಲ್ಲ. ಒಂದೇ ಬೀದಿಯಲ್ಲಿ, ಒಂದೇ ವರ್ಷದಲ್ಲಿ, ಒಂದೇ ಪ್ರಶ್ನೆಗೆ ಎರಡು ಉತ್ತರಗಳು, ಎರಡೂ ಸರಿಯಾದವು.

ಹಾಗಾದರೆ ಆ ತೀರ್ಮಾನದ ಒಳಗಿನ ನ್ಯಾಯವೇನು? ಮಾವನವರು ಅಂದು ಕೇಳಿದ ಪ್ರಶ್ನೆಗಳನ್ನು ಈಗ ಕ್ರಮವಾಗಿ ಹೇಳಬಲ್ಲೆ. ಲೋಹ ಇನ್ನೂ ಎಷ್ಟು ಉಳಿದಿದೆ? ಹೊಸ ಶಕ್ತಿಯನ್ನು ಮಿಕ್ಕ ಮೈ ತಾಳುತ್ತದೆಯೆ? ಬಿಡಿಭಾಗ ಯಾರ ಕೈಯಲ್ಲಿದೆ, ನಾಳೆಯೂ ಸಿಗುತ್ತದೆಯೆ? ಹಣ ಕೂಡಿಟ್ಟದ್ದೋ, ಸಾಲದ್ದೋ? ಎಂಜಿನ್ನು ನಿಂತ ದಿನ ಈ ಪ್ರಶ್ನೆಗಳನ್ನು ಕೇಳಿದರೆ ತಡವಾದಂತೆಯೇ. ಶಾಸನದ ಹಿರಿಯರು ಗುಡಿ ಕಟ್ಟಿದ ದಿನವೇ ದತ್ತಿ ಬಿಟ್ಟದ್ದರ ವಿವೇಕ ಇದು. ಇಂದಿನ ಲೆಕ್ಕಶಾಸ್ತ್ರದಲ್ಲಿ ಇದಕ್ಕೆ ಸವಕಳಿ ನಿಧಿ ಎನ್ನುತ್ತಾರೆ. ಶಾಸನ ಓದದ ನನ್ನ ಮಾವನವರು ಅದನ್ನು ಬರಿಯ 'ಎಂಜಿನ್ನು' ಎಂದರು.

ಈ ನ್ಯಾಯ ಲಾರಿಗಿಂತ ದೊಡ್ಡ ಸಂಗತಿಗಳಿಗೂ ಸಲ್ಲುತ್ತದೆಂಬುದನ್ನು ನಮ್ಮ ಊರುಗಳು ನೋವಿನಿಂದ ಕಲಿತವು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವಿತ್ತು. ಗಿರಣಿಯ ಸೈರನ್ನು ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಮನೆಗಳಲ್ಲಿ ನಮ್ಮದೂ ಒಂದು. ಆ ಗಿರಣಿಗಳ ನೂಲುವ ಯಂತ್ರಗಳು ಹಳತಾದವು. ವಿದ್ಯುತ್ ಮಗ್ಗಗಳ ಪೈಪೋಟಿ ಬಂತು. ಶತಮಾನ ಮುಗಿಯುವ ಹೊತ್ತಿಗೆ ಒಂದೊಂದಾಗಿ ಬಾಗಿಲು ಮುಚ್ಚಿದವು. ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ನಿಂತುಹೋಯಿತು. ಗಣಕಯಂತ್ರದ ಆಜ್ಞೆಯಂತೆ ತಾನೇ ಕೊರೆಯುವ ಹೊಸ ಬಗೆಯ ಯಂತ್ರಗಳು ಜಗತ್ತನ್ನು ತುಂಬುತ್ತಿದ್ದ ಕಾಲ ಅದು. ಇಡೀ ದೇಶದ ಸವೆದ ಯಂತ್ರಗಳಿಗೆ ಹೊಸ ಬಾಳು ಕೊಡುವ ಲೇತುಗಳನ್ನು ಮಾಡಿದ ಊರಿಗೆ ತನ್ನ ಕಾರ್ಖಾನೆಗೆ ಹೊಸ ಬಾಳು ಕೊಡುವುದು ಸಾಧ್ಯವಾಗಲಿಲ್ಲ. ಅಲ್ಲಿ ಪಳಗಿದ ಕೈಗಳು ಚೆದುರಿದವು. ಆದರೆ ಎಲ್ಲ ನಷ್ಟವಾಯಿತೆನ್ನಲಾಗದು. ನೀವು ಯಾವುದಾದರೂ ಸಣ್ಣ ಊರಿನ ಯಂತ್ರದ ಅಂಗಡಿಗೆ ಹೋಗಿ ನೋಡಿ. ಗ್ರೀಸಿನ ಕಪ್ಪಿನಡಿ ಕಿರ್ಲೋಸ್ಕರ್ ಎಂಬ ಅಚ್ಚು ಹೊತ್ತ ಹಳೆಯ ಲೇತು ಇಂದಿಗೂ ಕಾಣಸಿಕ್ಕೀತು. ಮಾಡಿದ ಕಾರ್ಖಾನೆ ನಿಂತರೂ ಮಾಡಿದ ಯಂತ್ರ ದುಡಿಯುತ್ತಿದೆ.

ಇತ್ತ ಲಾರಿಯ ಪ್ರಶ್ನೆಯ ರೂಪವೂ ಬದಲಾಗಿದೆ. ೧೯೯೩ರಲ್ಲಿ ಟಾಟಾ ಸಂಸ್ಥೆ ಅಮೆರಿಕದ ಕಮಿನ್ಸ್ ಕಂಪನಿಯೊಡನೆ ಕೂಡಿ ಹೊಸ ಎಂಜಿನ್ನುಗಳ ತಯಾರಿಕೆಗೆ ಜಂಟಿ ಕಂಪನಿಯನ್ನು ಸ್ಥಾಪಿಸಿತು. ಬೇಕೆಂದಾಗ ಹೊಸ ಲಾರಿಯೂ ಅದಕ್ಕೆ ಸಾಲವೂ ಸಿಗುವ ಕಾಲ ಬಂತು. ಹೊಗೆ ಹತೋಟಿಯ ನಿಯಮಗಳು ಮೆಟ್ಟಿಲು ಮೆಟ್ಟಿಲಾಗಿ ಬಿಗಿಯಾದವು: ಭಾರತ್ ಸ್ಟೇಜ್ ನಾಲ್ಕು ೨೦೧೭ರ ಏಪ್ರಿಲಿನಿಂದ ದೇಶಕ್ಕೆಲ್ಲ ಬಂತು, ಐದನ್ನು ಹಾರಿ ಆರನೆಯದು ೨೦೨೦ರ ಏಪ್ರಿಲಿನಿಂದ ಬಂತು. ವಾಹನವನ್ನು ಮನಬಂದಂತೆ ಮಾರ್ಪಡಿಸುವುದನ್ನು ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ನಿರ್ಬಂಧಿಸುತ್ತದೆ. ಎಂಜಿನ್ನು ಬದಲಿಸಬೇಕಾದರೆ ನೋಂದಣಿ ಅಧಿಕಾರಿಯ ಒಪ್ಪಿಗೆ ಬೇಕು. ಹೊಸ ಎಂಜಿನ್ನೆಂದರೆ ಈಗ ಕಬ್ಬಿಣವೊಂದೇ ಅಲ್ಲ. ಸಂವೇದಕಗಳು, ತಂತಿಗಳು, ಹೊಗೆಯನ್ನು ಶುದ್ಧಿ ಮಾಡುವ ಪೆಟ್ಟಿಗೆಗಳು, ಇವೆಲ್ಲಕ್ಕೂ ಅಪ್ಪಣೆ ಕೊಡುವ ಒಂದು ಪುಟ್ಟ ಗಣಕ. ಹಳೆಯ ಲಾರಿಯ ಬಾನೆಟ್ಟಿನಡಿ ಇದನ್ನು ತಂದು ಕೂರಿಸುವುದೆಂದರೆ ಹಳೆಯ ಮನೆಯ ಅಡಿಗಲ್ಲನ್ನೇ ಬದಲಿಸಿದಂತೆ. ೨೦೨೧ರಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳನ್ನು ಗುಜರಿಗೆ ಕಳಿಸುವ ನೀತಿಯನ್ನು ಜಾರಿಗೆ ತಂದಿತು. ೨೦೨೩ರ ಏಪ್ರಿಲಿನಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ರದ್ದಾಯಿತು. ಹೀಗೆ ಒಂದು ಕಾಲಕ್ಕೆ ಮಾಲೀಕನೂ ಮೇಸ್ತ್ರಿಯೂ ಕೂಡಿ ತೀರ್ಮಾನಿಸುತ್ತಿದ್ದದ್ದರಲ್ಲಿ ಈಗ ತಯಾರಕ, ಸಾಲ ಕೊಟ್ಟವನು, ಕಾಯಿದೆ ಈ ಮೂವರೂ ಪಾಲುದಾರರು.

ಇದು ಕೆಟ್ಟದ್ದೇ ಎಂದು ನಾನು ಹೇಳಲಾರೆ. ಪಿ.ಬಿ. ರಸ್ತೆಯ ಪಕ್ಕದಲ್ಲಿ ಬೆಳೆದ ನಮಗೆ ಆ ನೀಲಿ ಹೊಗೆಯ ರುಚಿ ಗೊತ್ತು. ಅದನ್ನು ಉಸಿರಾಡಿದ ಮಕ್ಕಳ ಎದೆಗೂ ಒಂದು ಲೆಕ್ಕವಿದೆ. ಆದರೆ ಒಂದೇ ಲಾರಿಯನ್ನು ನಂಬಿದ ಮನೆಗೆ ಹೊಸ ಲಾರಿಯ ಬೆಲೆ ಎಟುಕದಿದ್ದಾಗ ಜೀರ್ಣೋದ್ಧಾರವೇ ಗತಿ. ನಿಯಮ ಮಾಡುವವರು ಅಂಥ ಮನೆಯನ್ನು ಮರೆಯಬಾರದು. ಅದೇ ಬಗೆಯ ಎಂಜಿನ್ನನ್ನು ಸರಿಯಾದ ಅಳತೆಗೆ ಮತ್ತೆ ಕಟ್ಟುವುದಕ್ಕೆ ಇಂದಿಗೂ ಅವಕಾಶವಿದೆ. ತಯಾರಕರೇ ಸವೆದ ಎಂಜಿನ್ನನ್ನು ಪಡೆದು, ಪುನರ್ನಿರ್ಮಿಸಿದ್ದನ್ನು ಕೊಡುವ ಪದ್ಧತಿಯೂ ಬಂದಿದೆ. ಚೆನ್ನಾಗಿ ಕಟ್ಟಿದ ಹಳೆಯ ಎಂಜಿನ್ನು ಹೊಗೆಯುಗುಳುವ ಸವೆದ ಎಂಜಿನ್ನಿಗಿಂತ ಊರಿಗೂ ಒಳ್ಳೆಯದು, ಮನೆಗೂ ಒಳ್ಳೆಯದು.

ಸಂಸ್ಕೃತದಲ್ಲಿ ಜೀರ್ಣವೆಂಬ ಪದಕ್ಕೆ ಎರಡು ಅರ್ಥ. ಸವೆದದ್ದೂ ಜೀರ್ಣ, ಅರಗಿದ್ದೂ ಜೀರ್ಣ. ಉಂಡ ಅನ್ನ ಜೀರ್ಣವಾಗಿ ಬಲವಾಗುತ್ತದೆ. ದುಡಿದ ಕಬ್ಬಿಣ ಜೀರ್ಣವಾಗಿ ಒಂದು ಸಂಸಾರಕ್ಕೆ ಅನ್ನವಾಗುತ್ತದೆ. ಮಾವನವರ ಆ ಲಾರಿ ಎಂದೋ ಗುಜರಿಗೆ ಹೋಯಿತು. ಅದು ದುಡಿದ ಹಣದಲ್ಲಿ ಒಂದು ಮದುವೆಯಾಯಿತು, ಇಬ್ಬರು ಗಂಡುಮಕ್ಕಳು ಓದಿದರು. ಅವರಲ್ಲಿ ಕಿರಿಯವನು ಈಗ ದಾವಣಗೆರೆಯಲ್ಲಿ ಎರಡು ಲಾರಿ ಇಟ್ಟುಕೊಂಡಿದ್ದಾನೆ. ಲೆಕ್ಕವೆಲ್ಲ ಗಣಕಯಂತ್ರದಲ್ಲಿ. ಮೊನ್ನೆ ಅದನ್ನು ನನಗೆ ತೋರಿಸಿದ. ಡೀಸೆಲ್, ಟೈರು, ಟೋಲು, ಸಾಲದ ಕಂತು, ವಿಮೆ. ಇವುಗಳ ಪಕ್ಕದಲ್ಲಿ ಇನ್ನೊಂದು ಕಾಲಮ್ಮು, 'ಎಂಜಿನ್ನು'. ಲಾರಿಗಳು ಕೊಂಡು ಇನ್ನೂ ಎರಡು ವರ್ಷವಾಗಿಲ್ಲ.